ಇಳಿಸಿದ ಬೆಲೆ ಯಾರ ಜೇಬಿನದು?

ಚೌಕಾಸಿ ಎಂದರೆ ಬಾಯಿ ಜೋರಿದ್ದವರ ಕೆಲಸ ಎಂದುಕೊಂಡವರು ಒಮ್ಮೆ ರಾಮನಗರದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗಿ ನಿಂತು ನೋಡಬೇಕು. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ಮಾರುಕಟ್ಟೆ ಅದು. ರೈತರು ತಂದ ಗೂಡನ್ನು ಜಾಲರಿಗಳಲ್ಲಿ ಸುರಿಯುತ್ತಾರೆ, ಪ್ರತಿ ರಾಶಿಗೂ ಒಂದು ಲಾಟ್ ನಂಬರು ಬೀಳುತ್ತದೆ. ನೂಲು ಬಿಚ್ಚುವ ರೀಲರುಗಳು ಸಾಲಾಗಿ ಬಂದು, ರಾಶಿಯೊಳಗೆ ಕೈ ಹಾಕಿ, ಒಂದೆರಡು ಗೂಡು ಎತ್ತಿ, ಅದುಮಿ, ಕಿವಿಯ ಬಳಿ ಅಲುಗಿಸಿ ನೋಡುತ್ತಾರೆ. ಒಂದು ಕೆ.ಜಿ. ನೂಲಿಗೆ ಸುಮಾರು ಆರರಿಂದ ಎಂಟು ಕೆ.ಜಿ. ಗೂಡು ಬೇಕು. ಈ ರಾಶಿಗೆ ಆರು ಸಾಕೋ, ಎಂಟು ಬೇಕೋ ಎಂಬ ಅಂದಾಜು ಅವರಿಗೆ ಮುಟ್ಟಿದೊಡನೆ ಸಿಕ್ಕಿಬಿಡುತ್ತದೆ. ಆಮೇಲೆ ಹರಾಜು. ಹಿಂದೆ ಕೂಗಿ ಹೇಳುತ್ತಿದ್ದ ಬೆಲೆಯನ್ನು ಈಗ ಮೊಬೈಲಿನಲ್ಲಿ ಒತ್ತುತ್ತಾರೆ. ಬಂದ ಬೆಲೆ ಒಪ್ಪಿಗೆಯಾದರೆ ರೈತ ಕೊಡುತ್ತಾನೆ, ಇಲ್ಲವಾದರೆ ಮುಂದಿನ ಸುತ್ತಿಗೆ ಕಾಯುತ್ತಾನೆ.

ಈ ಏರ್ಪಾಡಿನ ಹಿಂದೆ ಒಂದು ಬಲವಾದ ಕಾರಣವಿದೆ. ಹುಳು ಗೂಡು ಕಟ್ಟಿದ ಹತ್ತು–ಹನ್ನೆರಡು ದಿನಕ್ಕೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ಉದ್ದದ ಎಳೆ ಬಿಚ್ಚಲಾಗದು. ಹಾಗಾಗಿ ಗೂಡು ಬಿಡಿಸಿದ ರೈತನಿಗೆ ದಿನಗಳನ್ನು ಎಣಿಸುವ ಅವಸರ, ಕೊಳ್ಳುವವನಿಗೆ ಆ ಅವಸರವಿಲ್ಲ. ಮನೆ ಬಾಗಿಲಿಗೆ ಒಬ್ಬನೇ ವ್ಯಾಪಾರಿ ಬಂದು ನಿಂತರೆ ಅವನು ಹೇಳಿದ್ದೇ ಬೆಲೆ. ರೈತನ ಈ ಕಷ್ಟವನ್ನು ತಿಳಿದೇ ನಮ್ಮ ರಾಜ್ಯ 1959ರಲ್ಲಿ ಕಾನೂನು ಮಾಡಿ, ಗೂಡಿನ ಮಾರಾಟವನ್ನು ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿಗೆ ತಂದಿತು. ಹತ್ತಾರು ಜನ ಕೊಳ್ಳುವವರು ಒಂದೇ ಸೂರಿನಡಿ ಸೇರಿದಾಗ ಒಬ್ಬನ ಅವಸರವನ್ನು ಇನ್ನೊಬ್ಬ ಲಾಭ ಮಾಡಿಕೊಳ್ಳುವುದು ಕಷ್ಟವಾಗುತ್ತದೆ.

ಅಂಗಡಿ–ಸಂತೆಗಳಲ್ಲಿ ಕೊಳ್ಳುವವರಾದ ನಾವು ಈ ಮಾರುಕಟ್ಟೆಯಿಂದ ಕಲಿಯುವುದು ಬಹಳ ಇದೆ. ಬೆಲೆ ಮೇಲೆ ಕೆಳಗೆ ಆಗುವುದು ಯಾರಿಗೆ ಅವಸರ, ಯಾರು ಕಾಯಬಲ್ಲರು, ಯಾರಿಗೆ ಸರಕಿನ ಗುಣ ಗೊತ್ತು ಎಂಬುದರ ಮೇಲೆ. ಹಾಗೆ ಇಳಿದ ಪ್ರತಿ ರೂಪಾಯಿಯೂ ಯಾರೋ ಒಬ್ಬರ ಜೇಬಿನಿಂದಲೇ ಇಳಿಯುತ್ತದೆ. ಕೆಲವು ಸಲ ಅದು ಅಂಗಡಿಯವರ ಲಾಭ, ಕೆಲವು ಸಲ ಕೈಕೆಲಸದವರ ಕೂಲಿ, ಕೆಲವು ಸಲ ಸರ್ಕಾರದ ಬೊಕ್ಕಸ, ಇನ್ನು ಕೆಲವು ಸಲ ನಮ್ಮದೇ ಜೇಬು. ರಿಯಾಯಿತಿ, ಡಿಸ್ಕೌಂಟು, ಕ್ಯಾಶ್‌ಬ್ಯಾಕು, ಉಚಿತ ಎಂಬ ಯಾವ ಬೋರ್ಡು ಕಂಡರೂ, ಈ ಇಳಿಕೆಯ ಹಣ ಯಾರ ಜೇಬಿನಿಂದ ಬರುತ್ತಿದೆ ಎಂದು ಮೊದಲು ಕೇಳಿಕೊಳ್ಳಬೇಕು. ಆ ಉತ್ತರ ಸಿಕ್ಕರೆ ಎಲ್ಲಿ ಬಿಗಿಯಾಗಿ ಚೌಕಾಸಿ ಮಾಡಬೇಕು, ಎಲ್ಲಿ ಹೇಳಿದಷ್ಟು ಕೊಟ್ಟು ಬರಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ನಮ್ಮ ಸೀಮೆಯಲ್ಲಿ ಈ ಪ್ರಶ್ನೆಗೆ ಬಗೆಬಗೆಯ ಉತ್ತರಗಳು ಕಣ್ಣೆದುರೇ ಸಿಗುತ್ತವೆ.

ಮಾಗಡಿಯ ತಿರುಮಲೆ ರಂಗನಾಥಸ್ವಾಮಿ ಜಾತ್ರೆಗೆ ಸೇರುವ ದನಗಳ ಪರಿಷೆಯನ್ನು ನೋಡಿ. ಹಳ್ಳಿಕಾರ್ ಎತ್ತಿನ ಜೋಡಿ ಕೊಳ್ಳಲು ಬಂದ ರೈತ ಬೆಲೆಯ ಮಾತನ್ನು ಕೊನೆಗಿಟ್ಟುಕೊಳ್ಳುತ್ತಾನೆ. ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ: ಎರಡು ಹಲ್ಲೋ, ನಾಲ್ಕು ಹಲ್ಲೋ, ಆರು ಹಲ್ಲೋ, ಬಾಯಿಗೂಡಿದೆಯೋ. ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ, ನಡೆಸಿ ನೋಡುತ್ತಾನೆ. ಇಷ್ಟಾದ ಮೇಲೆ ಟವೆಲಿನ ಮರೆಯಲ್ಲಿ ಕೈಗೆ ಕೈ ಕೊಟ್ಟು ಬೆರಳು ಹಿಡಿದು ಬೆಲೆ ಹೇಳುವ ಹಳೆಯ ಪದ್ಧತಿ. ಸುತ್ತ ನಿಂತವರಿಗೆ ಎಷ್ಟಕ್ಕೆ ಕುದುರಿತು ಎಂದು ಗೊತ್ತಾಗದು. ಈ ಗುಟ್ಟಿನಿಂದ ಮಾರುವವನ ಮಾನ ಉಳಿಯುತ್ತದೆ, ಮುಂದಿನ ಗಿರಾಕಿಯ ಹತ್ತಿರ ಹೆಚ್ಚು ಕೇಳುವ ಅವಕಾಶವೂ ಉಳಿಯುತ್ತದೆ. ಆದರೆ ಅದೇ ಗುಟ್ಟು ಹೊಸಬನಿಗೆ ತೊಡಕು. ಪಕ್ಕದ ಜೋಡಿ ಎಷ್ಟಕ್ಕೆ ಹೋಯಿತು ಎಂದು ತಿಳಿಯದವನು ದಲ್ಲಾಳಿಯ ಮಾತನ್ನೇ ನಂಬಬೇಕು. ರಾಮನಗರದ ಹರಾಜಿನಲ್ಲಿ ಬೆಲೆ ಎಲ್ಲರಿಗೂ ಗೊತ್ತಾಗುತ್ತದೆ, ಮಾಗಡಿಯ ಟವೆಲಿನ ಕೆಳಗೆ ಇಬ್ಬರಿಗಷ್ಟೇ ಗೊತ್ತಾಗುತ್ತದೆ. ನಾವು ಯಾವ ಅಂಗಡಿಗೆ ಹೋದರೂ ಈ ಎರಡರಲ್ಲಿ ಯಾವ ಬಗೆಯ ಬೆಲೆ ನಮ್ಮೆದುರಿಗಿದೆ ಎಂದು ಗುರುತಿಸುವುದು ಕೊಳ್ಳುವವರ ಮೊದಲ ಜಾಣ್ಮೆ.

ಎರಡನೆಯ ಜಾಣ್ಮೆ ಹಲ್ಲು ಎಣಿಸುವುದು, ಅಂದರೆ ಬೆಲೆಗಿಂತ ಮೊದಲು ಸರಕು ತಿಳಿಯುವುದು. ಇದಕ್ಕೆ ಚನ್ನಪಟ್ಟಣದ ಗೊಂಬೆ ಅಂಗಡಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಅಲ್ಲಿನ ಆಟಿಕೆಗೆ ಆಲೆ ಮರ ಬೇಕು. ಕಡಿದ ಮರವನ್ನು ತಿಂಗಳುಗಟ್ಟಲೆ ಒಣಗಿಸಬೇಕು, ಇಲ್ಲವಾದರೆ ಮಾಡಿದ ಗೊಂಬೆ ಆಮೇಲೆ ಬಿರುಕು ಬಿಡುತ್ತದೆ. ಒಣಗಿದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿ ಹಿಡಿದು ಆಕಾರ ಕೊಡುತ್ತಾರೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರದ ಮೈಗೆ ಕೂರುತ್ತದೆ. ಒಣಗಿದ ಕೇದಗೆ ಎಲೆಯಿಂದ ತಿಕ್ಕಿದರೆ ಹೊಳಪು. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡದ ಬಣ್ಣ ಬಳಸುವ ಕುಶಲಕರ್ಮಿಗಳು ಇಂದಿಗೂ ಇದ್ದಾರೆ. ಮಗು ಬಾಯಿಗಿಟ್ಟುಕೊಂಡರೂ ತಾಯಿ ಹೆದರಬೇಕಿಲ್ಲದ ಆಟಿಕೆ ಎಂಬ ಹೆಸರು ಈ ಕೆಲಸದಿಂದ ಬಂದದ್ದು.

ಅದೇ ಅಂಗಡಿಯ ಸಾಲಿನಲ್ಲಿ ಪ್ಲೈವುಡ್ ಕತ್ತರಿಸಿ ಬ್ರಷ್‌ನಿಂದ ಪೇಂಟು ಬಳಿದ ಆಟಿಕೆಯೂ, ಹೊರಗಿನಿಂದ ಬಂದ ಪ್ಲಾಸ್ಟಿಕ್ಕೂ ಇರುತ್ತವೆ. ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಲೇತಿನಲ್ಲಿ ತಿರುಗಿಸಿ ಮಾಡಿದ ಪ್ರತಿ ಭಾಗವೂ ಗುಂಡಗೆ ಇರುತ್ತದೆ: ಚಕ್ರ, ಕುದುರೆಯ ಹೊಟ್ಟೆ, ಬುಗುರಿ, ಗಿಲಕಿ. ಅರಗಿನ ಬಣ್ಣದಲ್ಲಿ ಬ್ರಷ್ ಎಳೆದ ಗೆರೆ ಇರುವುದಿಲ್ಲ, ಉಗುರಿನಿಂದ ಕೆರೆದರೆ ಪೇಂಟಿನ ಹಾಗೆ ಸಿಪ್ಪೆ ಏಳುವುದಿಲ್ಲ. ‘ಚನ್ನಪಟ್ಟಣದ ಗೊಂಬೆ ಮತ್ತು ಆಟಿಕೆ’ಗೆ 2005–06ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. 2021ರ ಜನವರಿ 1ರಿಂದ ದೇಶದಲ್ಲಿ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾದಾಗ, ಭೌಗೋಳಿಕ ಸೂಚ್ಯಂಕದ ಅಧಿಕೃತ ಬಳಕೆದಾರರಿಗೂ ನೋಂದಾಯಿತ ಕುಶಲಕರ್ಮಿಗಳಿಗೂ ವಿನಾಯಿತಿ ಕೊಡಲಾಯಿತು. ಹಾಗಾಗಿ ಐಎಸ್ಐ ಗುರುತಿಲ್ಲ ಎಂಬ ಒಂದೇ ಕಾರಣಕ್ಕೆ ಅಸಲಿ ಚನ್ನಪಟ್ಟಣದ ಆಟಿಕೆಯ ಬೆಲೆ ಇಳಿಸಲು ಕೇಳುವುದು ತಪ್ಪು ಲೆಕ್ಕ.

ಈಗ ಚೌಕಾಸಿಯ ಗಣಿತ ನೋಡೋಣ. ಒಂದು ಆಟಿಕೆಗೆ 200 ರೂಪಾಯಿ ಹೇಳಿದರು, ನಾವು 120ಕ್ಕೆ ಕೇಳಿದೆವು ಎಂದಿಟ್ಟುಕೊಳ್ಳಿ. ಮರ, ಅರಗು, ಕರೆಂಟು, ಅಂಗಡಿ ಬಾಡಿಗೆ ಇವು ನಮ್ಮ ಮಾತಿಗೆ ಬಗ್ಗುವುದಿಲ್ಲ. ಬಗ್ಗುವುದು ಎರಡೇ: ಅಂಗಡಿಯವರ ಲಾಭ, ಲೇತಿನ ಮುಂದೆ ಕೂತವರ ಪೀಸ್ ಲೆಕ್ಕದ ಕೂಲಿ. ಅಂಗಡಿಯವರು ಒಂದು ದಿನ ಲಾಭ ಬಿಟ್ಟುಕೊಡಬಹುದು. ದಿನವೂ ಬರುವ ಗಿರಾಕಿಗಳು ಹೀಗೇ ಒತ್ತಿದರೆ ಮುಂದಿನ ಆರ್ಡರಿನಲ್ಲಿ ಕೂಲಿ ಇಳಿಯುತ್ತದೆ. ಅದೂ ಸಾಲದಾದಾಗ ಸರಿಯಾಗಿ ಒಣಗದ ಮರ ಬರುತ್ತದೆ, ಅರಗಿನ ಜಾಗಕ್ಕೆ ಪೇಂಟು ಬರುತ್ತದೆ. ನಾವು ಉಳಿಸಿದ 80 ರೂಪಾಯಿ ನಮ್ಮ ಮಗುವಿನ ಬಾಯಿಗೆ ಪೇಂಟಾಗಿ ಹಿಂದಿರುಗುತ್ತದೆ. ಅಲ್ಲಿಯವರಿಗೆ ಇನ್ನೊಂದು ಕಷ್ಟವೂ ಸೇರಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬೈಪಾಸಿನಲ್ಲಿ ದಾಟಿಸಿಬಿಡುತ್ತದೆ. ಹಳೆಯ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಗೊಂಬೆ ಕೊಳ್ಳುತ್ತಿದ್ದ ದಾರಿಹೋಕರ ವ್ಯಾಪಾರ ಕುಗ್ಗಿದೆ. ಗಿರಾಕಿ ಕಡಿಮೆಯಾದ ಅಂಗಡಿಯಲ್ಲಿ ಮಾರುವವರಿಗೆ ಅವಸರ ಹೆಚ್ಚು. ಆ ಅವಸರವನ್ನು ಹಿಂಡುವುದು, ಗೂಡು ಹಿಡಿದುಕೊಂಡು ನಿಂತ ರೈತನ ಬಾಗಿಲಿಗೆ ಒಬ್ಬನೇ ವ್ಯಾಪಾರಿಯಾಗಿ ಹೋಗಿ ಬೆಲೆ ಕಟ್ಟಿದ್ದಕ್ಕೆ ಸಮ. ಆದ್ದರಿಂದ ಚನ್ನಪಟ್ಟಣದಲ್ಲಿ ಚೌಕಾಸಿಯನ್ನು ಬೆಲೆಯ ಮೇಲಿಂದ ಗುಣದ ಮೇಲಕ್ಕೆ ತಿರುಗಿಸೋಣ. ‘ಅಣ್ಣಾ, ಇದು ಅರಗಿನದೋ ಪೇಂಟಿನದೋ? ಇಲ್ಲೇ ಮಾಡಿದ್ದೋ? ಬಿಲ್ಲಿನಲ್ಲಿ ಬರೆದುಕೊಡಿ’ ಎಂದು ಕೇಳೋಣ. ಅಸಲಿ ಮಾಡುವವರಿಗೆ ಅಂಥ ಗಿರಾಕಿಯಿಂದ ನಷ್ಟವಿಲ್ಲ, ನಕಲಿ ಇಟ್ಟವರಿಗೆ ಮಾತ್ರ ಇದೆ.

ಹೂವು, ಸೊಪ್ಪು, ಮಾವಿನಹಣ್ಣಿನ ಮುಂದೆ ಲೆಕ್ಕ ಬೇರೆ. ಬೆಳಿಗ್ಗೆ ಕೆ.ಜಿ. ಲೆಕ್ಕದಲ್ಲಿ ಹೂವು ತಂದು, ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರುವ ಹೆಂಗಸಿಗೆ ಬೆಳಗಿನ ಬೆಲೆಯೇ ಬೇರೆ, ಸಂಜೆಯ ಬೆಲೆಯೇ ಬೇರೆ. ರಾತ್ರಿ ಉಳಿದ ಹೂವು ನಾಳೆಗೆ ಕಸ. ಅದಕ್ಕೇ ಕತ್ತಲಾಗುವ ಹೊತ್ತಿಗೆ ಆಕೆಯೇ ಕರೆದು ಕಡಿಮೆಗೆ ಕೊಡುತ್ತಾಳೆ. ಆ ಬೆಲೆಯನ್ನು ಬೆಳಗಿನ ಬೋಣಿಯಲ್ಲಿ ಕೇಳುವುದು ನ್ಯಾಯವಲ್ಲ. ಇಂಥ ಕಡೆ ನಮ್ಮ ಹಿರಿಯರು ಬೆಲೆ ಇಳಿಸುವುದಕ್ಕಿಂತ ಕೊಸರು ಕೇಳುತ್ತಿದ್ದರು: ‘ಅಮ್ಮಾ, ಒಂದು ಕಟ್ಟು ಕೊತ್ತಂಬರಿ ಹಾಕು, ಎರಡು ನಿಂಬೆಹಣ್ಣು ಹಾಕು.’ ಇದರ ಹಿಂದೆ ಒಳ್ಳೆಯ ಅರ್ಥಶಾಸ್ತ್ರವಿದೆ. ಸೊಪ್ಪಿನವಳು 3 ರೂಪಾಯಿಗೆ ತಂದು 5 ರೂಪಾಯಿಗೆ ಮಾರುವ ನಿಂಬೆಹಣ್ಣನ್ನು ಕೊಸರು ಹಾಕಿದರೆ ಆಕೆಗೆ ಆಗುವ ಖರ್ಚು 3 ರೂಪಾಯಿ, ನಮಗೆ ಸಿಗುವ ಲಾಭ 5 ರೂಪಾಯಿ. ಅದೇ 5 ರೂಪಾಯಿಯನ್ನು ಬೆಲೆಯಲ್ಲಿ ಇಳಿಸಿದರೆ ಆಕೆಯ ಜೇಬಿನಿಂದ ಪೂರ್ತಿ 5 ರೂಪಾಯಿ ಹೋಗುತ್ತದೆ. ಒಂದೇ ಲಾಭ ನಮಗೆ ಎರಡು ದಾರಿಯಲ್ಲಿ ಸಿಗುವಾಗ, ಎದುರಿಗಿನವರಿಗೆ ಕಡಿಮೆ ನೋವಾಗುವ ದಾರಿ ಹಿಡಿಯುವುದು ಸಂತೆಯ ಧರ್ಮ.

ಕನಕಪುರ, ಮಾಗಡಿ ರಾಗಿಯ ನೆಲ. ರಾಗಿಗೆ ಕೇಂದ್ರ ಸರ್ಕಾರ ಬೆಂಬಲ ಬೆಲೆ ಕಟ್ಟುತ್ತದೆ: 2024–25ಕ್ಕೆ ಕ್ವಿಂಟಲ್‌ಗೆ 4,290 ರೂಪಾಯಿ ಇತ್ತು, 2025–26ಕ್ಕೆ 4,886 ರೂಪಾಯಿ. ಖರೀದಿ ಕೇಂದ್ರದಲ್ಲಿ ರೈತ ಈ ಬೆಲೆಗೆ ಮಾರಬಹುದು, ಅಲ್ಲಿ ಚೌಕಾಸಿಗೆ ಜಾಗವಿಲ್ಲ. ಅದೇ ರೈತ ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಹೊಕ್ಕು ಸೋಪು, ಎಣ್ಣೆ, ಬಿಸ್ಕತ್ತು ಕೊಂಡರೆ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ, ಅಂದರೆ ಎಂಆರ್‌ಪಿ ಅಚ್ಚಾಗಿರುತ್ತದೆ. ಬೆಂಬಲ ಬೆಲೆ ಮಾರುವವರಿಗೆ ಕೊಟ್ಟ ಕೆಳಗಿನ ಮಿತಿ, ಎಂಆರ್‌ಪಿ ಕೊಳ್ಳುವವರಿಗೆ ಕೊಟ್ಟ ಮೇಲಿನ ಮಿತಿ. ಎರಡನ್ನೂ ನಾವು ಸ್ಥಿರ ಬೆಲೆ ಎಂದು ತಪ್ಪಾಗಿ ಓದುತ್ತೇವೆ. ಪೊಟ್ಟಣದ ಸರಕಿನ ನಿಯಮಗಳು 1977ರಲ್ಲಿ ಬಂದವು. ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಬರೆದು ಮನಸ್ಸಿಗೆ ಬಂದಷ್ಟು ಸೇರಿಸುವುದನ್ನು ತಡೆಯಲು, 1990ರಲ್ಲಿ ಎಲ್ಲ ತೆರಿಗೆ ಸೇರಿದ ಎಂಆರ್‌ಪಿ ಕಡ್ಡಾಯವಾಯಿತು. ಅದು ದಾಟಬಾರದ ಗೆರೆ. ಅದಕ್ಕಿಂತ ಕೆಳಗೆ ಎಷ್ಟಕ್ಕೆ ಬೇಕಾದರೂ ಮಾರಬಹುದು, ಎಷ್ಟಕ್ಕೆ ಬೇಕಾದರೂ ಕೇಳಬಹುದು.

ಆದರೂ ನಡೆಯುವುದೇನು? ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಕಡಿಮೆ ಮಾಡಿಸಲು ಐದು ನಿಮಿಷ ನಿಲ್ಲುವ ನಾವು, ಸಾವಿರಾರು ರೂಪಾಯಿ ಎಂಆರ್‌ಪಿ ಬರೆದ ಮಿಕ್ಸಿಯ ಮುಂದೆ, ಫ್ಯಾನಿನ ಮುಂದೆ ಬಾಯಿ ಮುಚ್ಚಿಕೊಳ್ಳುತ್ತೇವೆ. ಅಚ್ಚಾದ ಅಕ್ಷರಕ್ಕೆ ಅಂಥ ಗೌರವ. ಎಂಆರ್‌ಪಿಯನ್ನು ನಿಗದಿ ಮಾಡುವುದು ತಯಾರಕರೇ. ವಿತರಕರಿಗೆ ಎಷ್ಟು, ಅಂಗಡಿಗೆ ಎಷ್ಟು, ಹಬ್ಬದ ಡಿಸ್ಕೌಂಟಿಗೆ ಎಷ್ಟು ಎಂದು ಮೊದಲೇ ಜಾಗ ಬಿಟ್ಟು ಆ ಅಂಕಿ ಅಚ್ಚಾಗುವ ಸರಕುಗಳಿವೆ. ವರ್ಷದ ಬಹುಪಾಲು ದಿನ ಯಾರೂ ಕೊಡದ ಬೆಲೆಯಿಂದ ಶೇ 40 ಕಳೆದರೆ ಅದು ಯಾರ ಜೇಬಿನಿಂದಲೂ ಬಂದ ಇಳಿಕೆಯಲ್ಲ, ಮೊದಲೇ ಏರಿಸಿಟ್ಟದ್ದನ್ನು ಇಳಿಸಿದ್ದು ಅಷ್ಟೆ. ಹಾಗಾಗಿ ‘ಎಷ್ಟು ಪರ್ಸೆಂಟ್ ಬಿಡ್ತೀರಿ?’ ಎಂಬ ಪ್ರಶ್ನೆಯನ್ನು ಬಿಡಬೇಕು. ಕೇಳಬೇಕಾದ್ದು, ‘ಎಲ್ಲ ಸೇರಿ ಕೈಯಿಂದ ಎಷ್ಟು ಕೊಡಬೇಕು?’ ಅದೇ ಮಾದರಿಗೆ ಇನ್ನೆರಡು ಅಂಗಡಿಯಲ್ಲಿ ಎಷ್ಟಿದೆ ಎಂದು ಕೇಳಿ ಬಂದವರಿಗೆ ಪರ್ಸೆಂಟಿನ ಬೋರ್ಡು ಓದುವ ಅಗತ್ಯವೇ ಬೀಳುವುದಿಲ್ಲ.

ಪರ್ಸೆಂಟಿನ ಲೆಕ್ಕದಲ್ಲೇ ಎಡವುವ ಜಾಗಗಳಿವೆ. ‘ಶೇ 50 ಜೊತೆಗೆ ಶೇ 20’ ಎಂದರೆ ಶೇ 70 ಅಲ್ಲ. 1,000 ರೂಪಾಯಿ ಮೊದಲು 500 ಆಗುತ್ತದೆ, ಆ 500ರಲ್ಲಿ ಶೇ 20 ಹೋಗಿ 400 ಉಳಿಯುತ್ತದೆ. ಒಟ್ಟು ಇಳಿಕೆ ಶೇ 60. ‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಮೂರನ್ನೂ ಕೊಳ್ಳುವವರಿಗೆ ಶೇ 33ರಷ್ಟು ಇಳಿಕೆ, ಒಂದೇ ಸಾಕಾಗಿದ್ದವರಿಗೆ ದುಪ್ಪಟ್ಟು ಖರ್ಚು. 10 ರೂಪಾಯಿ ಪೊಟ್ಟಣದ ಬೆಲೆ ಹಾಗೇ ಇದ್ದು ಒಳಗಿನ ಗ್ರಾಂ ಇಳಿದರೆ ಅದೂ ಬೆಲೆ ಏರಿಕೆಯೇ. ಈಗ ಪೊಟ್ಟಣದ ಮೇಲೆ ಒಂದು ಗ್ರಾಂಗೆ ಅಥವಾ ಒಂದು ಮಿಲಿಲೀಟರಿಗೆ ಎಷ್ಟು ಎಂಬ ಬಿಡಿ ಬೆಲೆಯನ್ನೂ ನಮೂದಿಸಬೇಕೆಂಬ ನಿಯಮ ಬಂದಿದೆ. ಎರಡು ಕಂಪನಿಯ ಸರಕನ್ನು ಹೋಲಿಸುವಾಗ ದೊಡ್ಡ ಅಕ್ಷರದ ಬೆಲೆಗಿಂತ ಆ ಸಣ್ಣ ಅಕ್ಷರದ ಬೆಲೆ ನಮ್ಮ ಪರವಾಗಿ ಮಾತಾಡುತ್ತದೆ.

ಎಲ್ಲ ರಿಯಾಯಿತಿಯೂ ಮೋಸವಲ್ಲ. ಆಷಾಢದ ಸೇಲ್ ತಕ್ಕಮಟ್ಟಿಗೆ ಪ್ರಾಮಾಣಿಕವಾದದ್ದು. ಆಷಾಢದಲ್ಲಿ ಮದುವೆ ಇಲ್ಲ, ಬಟ್ಟೆ ಅಂಗಡಿಯಲ್ಲಿ ಮಾಲು ನಿಂತುಬಿಡುತ್ತದೆ, ಸಾಲದ ಬಡ್ಡಿ ನಿಲ್ಲುವುದಿಲ್ಲ. ಶ್ರಾವಣದ ಹೊಸ ಮಾಲಿಗೆ ಜಾಗ ಬೇಕು. ಆ ಇಳಿಕೆ ಅಂಗಡಿಯವರ ಜೇಬಿನಿಂದಲೇ ಹೋಗುತ್ತದೆ, ಹೋಗುವುದರಿಂದ ಅವರಿಗೂ ಲಾಭವಿದೆ. ಇಲ್ಲಿ ಕಾಯಬಲ್ಲವರು ಗಿರಾಕಿಗಳು, ಅವಸರ ಅಂಗಡಿಯವರದು. ರೇಷ್ಮೆ ಸೀರೆ ಕೊಳ್ಳುವವರು ಆ ಹೊತ್ತಿನಲ್ಲೂ ಗುಣ ಮರೆಯಬಾರದು. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ಶುದ್ಧ ರೇಷ್ಮೆಯ ಗುರುತು. ಅದಿಲ್ಲದ ಸೀರೆಗೆ ಅರ್ಧ ಬೆಲೆ ಕೊಟ್ಟರೂ ಅದು ದುಬಾರಿಯಾಗಬಹುದು.

ಖಾದಿಯ ರಿಬೇಟಿನ ಕಥೆ ಇನ್ನೂ ಕುತೂಹಲದ್ದು. ಗಾಂಧಿ ಜಯಂತಿಯಿಂದ ಶುರುವಾಗುವ ರಿಬೇಟಿಗೆ ಕಾದು ಖಾದಿ ಕೊಳ್ಳುವ ಮನೆಗಳು ನಮ್ಮಲ್ಲಿ ಬಹಳ. ಆ ಇಳಿಕೆಯನ್ನು ದಶಕಗಳ ಕಾಲ ಭರಿಸಿದ್ದು ಸರ್ಕಾರದ ಬೊಕ್ಕಸ. ಆದರೆ ಲಾಭವೆಲ್ಲ ಕೊಳ್ಳುವವರಿಗೆ ಹೋಗಿ, ನೂಲುವವರಿಗೂ ನೇಯುವವರಿಗೂ ನೇರವಾಗಿ ಏನೂ ಸಿಗುತ್ತಿರಲಿಲ್ಲ. 2010ರಲ್ಲಿ ಕೇಂದ್ರ ಸರ್ಕಾರ ಆ ರಿಬೇಟಿನ ಬದಲು ಮಾರುಕಟ್ಟೆ ಅಭಿವೃದ್ಧಿ ನೆರವು ಎಂಬ ಯೋಜನೆ ತಂದು, ಆ ನೆರವಿನ ಶೇ 25ರಷ್ಟನ್ನು ನೂಲುವ–ನೇಯುವವರಿಗೇ ಮೀಸಲಿಟ್ಟಿತು. ಕೊಳ್ಳುವವರ ರಿಯಾಯಿತಿಗೆ ಎಂದು ಮೀಸಲಾಗಿದ್ದ ಸರ್ಕಾರದ ಹಣದಲ್ಲಿ ಒಂದು ಪಾಲು ಕೆಲಸ ಮಾಡುವವರ ಕೈಗೆ ತಿರುಗಿತು. ರಿಯಾಯಿತಿಯ ಹಣ ಯಾರಿಂದ ಬಂದು ಯಾರಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಸರ್ಕಾರವೇ ಕೇಳಿಕೊಂಡ ಉದಾಹರಣೆ ಇದು.

ಇನ್ನು, ಮೊದಲು ಪೂರ್ತಿ ದುಡ್ಡು ಕೊಡಿ, ಆಮೇಲೆ ಒಂದಿಷ್ಟು ವಾಪಸು ಕೊಡುತ್ತೇವೆ ಎನ್ನುವ ರಿಯಾಯಿತಿಗಳು. ಅಮೆರಿಕದಲ್ಲಿ ಇದು ಬಹುಕಾಲ ಅಂಚೆಯ ಮೂಲಕ ನಡೆದ ಪದ್ಧತಿ. ಗಿರಾಕಿ ಪೂರ್ತಿ ಬೆಲೆ ತೆತ್ತು, ಡಬ್ಬಿಯ ಮೇಲಿನ ಬಾರ್‌ಕೋಡ್ ಕತ್ತರಿಸಿ, ಅರ್ಜಿ ತುಂಬಿ, ಬಿಲ್ಲಿನ ಜೊತೆ ಕಂಪನಿಗೆ ಕಳಿಸಬೇಕು. ವಾರಗಳು, ತಿಂಗಳುಗಳು ಕಳೆದ ಮೇಲೆ ಚೆಕ್ ಬರುತ್ತದೆ. ಎಷ್ಟೋ ಜನ ಬಿಲ್ ಕಳೆದುಕೊಳ್ಳುತ್ತಾರೆ, ಗಡುವು ಮರೆಯುತ್ತಾರೆ, ಇಷ್ಟಕ್ಕೆ ಯಾರು ಬರೆಯುತ್ತಾರೆ ಎಂದು ಬಿಡುತ್ತಾರೆ. ಕಂಪನಿಯ ಲೆಕ್ಕ ನಿಂತಿರುವುದೇ ಆ ಮರೆವಿನ ಮೇಲೆ. ನೆನಪಿಟ್ಟವರ ರಿಯಾಯಿತಿಯನ್ನು ಭರಿಸುವವರು ಮರೆತವರು. ನಮ್ಮ ಮೊಬೈಲಿನ ಕ್ಯಾಶ್‌ಬ್ಯಾಕು, ಸ್ಕ್ರ್ಯಾಚ್ ಕಾರ್ಡು, ಮುಂದಿನ ಖರೀದಿಗೆ ಮಾತ್ರ ಬಳಸಬಹುದಾದ ಪಾಯಿಂಟು, ತಿಂಗಳ ಕೊನೆಗೆ ಸತ್ತುಹೋಗುವ ಕೂಪನ್ನು ಇವೆಲ್ಲ ಅದೇ ಮನೆತನದವು. 100 ರೂಪಾಯಿ ವಾಪಸು ಪಡೆಯಲು ಇನ್ನೊಂದು 500 ರೂಪಾಯಿ ಖರ್ಚು ಮಾಡಬೇಕಾದರೆ ಅದು ವಾಪಸು ಬಂದ ಹಣವಲ್ಲ, ಮುಂದಿನ ವ್ಯಾಪಾರಕ್ಕೆ ಕೊಟ್ಟ ಮುಂಗಡ. ಕೈಗೆ ನಗದಾಗಿ ಅಥವಾ ಖಾತೆಗೆ ನೇರವಾಗಿ ಬರದ ಯಾವ ರಿಯಾಯಿತಿಯನ್ನೂ ಬೆಲೆ ಹೋಲಿಸುವಾಗ ಲೆಕ್ಕಕ್ಕೆ ಹಿಡಿಯಬಾರದು. ಬಿಲ್ಲಿನಲ್ಲೇ ಕಳೆದುಕೊಟ್ಟ 50 ರೂಪಾಯಿ, ಮುಂದೆಂದೋ ಬರುವ 100 ರೂಪಾಯಿಗಿಂತ ಮೇಲು. ಆನ್‌ಲೈನಿನಲ್ಲಂತೂ ಸರಕು ಕೈಗೆ ಸಿಗುವ ಮೊದಲೇ ಕುದುರಿಸುವ ಈ ವ್ಯಾಪಾರ, ನೀರಿನಲ್ಲಿರುವ ಎಮ್ಮೆಗೆ ಕೊಂಬು ನೋಡಿ ಬೆಲೆ ಕಟ್ಟಿದ ಹಾಗೆ.

ಬಿಗಿಯಾಗಿ ಚೌಕಾಸಿ ಮಾಡಲೇಬೇಕಾದ ಜಾಗಗಳೂ ಇವೆ, ಅಲ್ಲಿ ನಾವು ಸಂಕೋಚಪಡುತ್ತೇವೆ. ಚಿನ್ನದಂಗಡಿಯಲ್ಲಿ ಆ ದಿನದ ದರ ಎಲ್ಲರಿಗೂ ತಿಳಿದದ್ದು, ಅದರ ಮೇಲೆ ಮಾತಿಲ್ಲ. ಮಾತು ಇರುವುದು ಮಜೂರಿಯ ಮೇಲೆ, ವೇಸ್ಟೇಜಿನ ಮೇಲೆ, ಕಲ್ಲಿನ ತೂಕವನ್ನು ಚಿನ್ನದ ತೂಕದಲ್ಲಿ ಸೇರಿಸಿದ್ದಾರೋ ಕಳೆದಿದ್ದಾರೋ ಎಂಬುದರ ಮೇಲೆ. ‘ಮಜೂರಿ ಇಲ್ಲ’ ಎಂದು ಬೋರ್ಡು ಹಾಕಿದ ಕಡೆ ವೇಸ್ಟೇಜು ಎಷ್ಟು ಎಂದು ಕೇಳಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಾದ ಜಿಲ್ಲೆಗಳಲ್ಲಿ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಸಂಖ್ಯೆಯಿಲ್ಲದ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡುವುದೇ ಇಲ್ಲಿ ಹಲ್ಲು ಎಣಿಸುವ ಕೆಲಸ. ಕಂತಿನ ಖರೀದಿಯಲ್ಲೂ ಹಾಗೆಯೇ. ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ನಗದು ಗಿರಾಕಿಗೆ ಸಿಗಬೇಕಾಗಿದ್ದ ಡಿಸ್ಕೌಂಟೇ ಕಂತಿನ ಗಿರಾಕಿಯ ಬಡ್ಡಿಯಾಗಿ ಒಳಗೆ ಸೇರಿರುತ್ತದೆ, ಮೇಲೆ ಪ್ರೊಸೆಸಿಂಗ್ ಶುಲ್ಕ ಬೇರೆ. ‘ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟು?’ ಎಂಬ ಒಂದು ಪ್ರಶ್ನೆ ಅದನ್ನು ಹೊರಗೆಳೆಯುತ್ತದೆ.

ಕಾನೂನು ಈ ವಿಷಯದಲ್ಲಿ ನಮ್ಮ ಬೆನ್ನಿಗಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ನಿಜವಾಗಿ ಆ ಬೆಲೆಗೆ ಮಾರುವ ಉದ್ದೇಶವಿಲ್ಲದೆ ಕಡಿಮೆ ಬೆಲೆಯ ಜಾಹೀರಾತು ಕೊಡುವುದು ಅನುಚಿತ ವ್ಯಾಪಾರ ಪದ್ಧತಿ. ಬೆಲೆಯಲ್ಲಿ ಸೇರಿಸಿಟ್ಟದ್ದನ್ನು ಉಚಿತ ಎಂದು ತೋರಿಸುವುದೂ, ಬಿಲ್ ಕೊಡದಿರುವುದೂ ಅದೇ ಸಾಲಿಗೆ ಸೇರುತ್ತವೆ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸು ತೆಗೆದುಕೊಳ್ಳಲು ನಿರಾಕರಿಸುವುದೂ ತಪ್ಪು. ‘ಮಾರಿದ ಮಾಲು ವಾಪಸಿಲ್ಲ’ ಎಂಬ ಬೋರ್ಡು ದೋಷವಿರುವ ಸರಕಿಗೆ ಅನ್ವಯಿಸುವುದಿಲ್ಲ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆಮಿಷದ ಜಾಹೀರಾತಿಗೆ ಮಾರ್ಗಸೂಚಿ ತಂದಿತು. 2023ರ ನವೆಂಬರ್‌ನಲ್ಲಿ ಆನ್‌ಲೈನ್ ವ್ಯಾಪಾರದ 13 ಬಗೆಯ ಮರುಳುಗಾರಿಕೆಯನ್ನು ಹೆಸರಿಸಿ ನಿಷೇಧಿಸಿತು. ‘ಇನ್ನೆರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದ ಸರಕನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಹೆಜ್ಜೆಯಲ್ಲಿ ಹೊಸ ಶುಲ್ಕ ಹೊರತೆಗೆಯುವುದು ಅವುಗಳಲ್ಲಿ ಕೆಲವು. ಅವಸರ ಹುಟ್ಟಿಸಿದರೆ ಬೆಲೆ ಕೈಗೆ ಬರುತ್ತದೆ ಎಂಬುದು ಗೂಡಿನ ವ್ಯಾಪಾರಿಗೆ ಎಂದೋ ಗೊತ್ತಿದ್ದ ವಿದ್ಯೆ. ರೈತನಿಗೆ 1959ರಲ್ಲಿ ಸಿಕ್ಕ ರಕ್ಷಣೆ ಗಿರಾಕಿಗೆ ಈಗ ಸಿಗುತ್ತಿದೆ.

ಈ ರಕ್ಷಣೆ ಬಳಸಲು ಬೇಕಾದ್ದು ಒಂದು ಬಿಲ್ಲು, ಒಂದು ಫೋನು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಎಂಆರ್‌ಪಿಗಿಂತ ಹೆಚ್ಚು ಕೇಳಿದರೆ, ತೂಕದಲ್ಲಿ ಕಡಿಮೆಯಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ನಷ್ಟದ ಪರಿಹಾರಕ್ಕೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆ ತಾವೇ ವಾದಿಸಬಹುದು. ಐದು ರೂಪಾಯಿಗೆ ಜಗಳ ಯಾಕೆ ಎಂದು ಬಿಡುವವರು ನೆನಪಿಡಬೇಕು: ಹೂವಿನವಳ ಮುಂದೆ ಅದೇ ಐದು ರೂಪಾಯಿಗೆ ನಾವು ಬಿಡುವುದಿಲ್ಲ.

ನಮ್ಮ ಚೌಕಾಸಿಗೆ ಇಂದು ದಿಕ್ಕು ತಪ್ಪಿದೆ. ಬೆಲೆ ಬಿಚ್ಚಿಟ್ಟವರ ಮುಂದೆ, ಕೈಕೆಲಸದವರ ಮುಂದೆ, ಸಂಜೆಯೊಳಗೆ ಮಾರದಿದ್ದರೆ ಬಾಡುವ ಸರಕಿನವರ ಮುಂದೆ ನಾವು ಗಟ್ಟಿಗರು. ಬೆಲೆಯನ್ನು ಪರ್ಸೆಂಟು, ಪಾಯಿಂಟು, ಮಜೂರಿ, ಪ್ರೊಸೆಸಿಂಗ್ ಎಂದು ಮಡಿಚಿಟ್ಟವರ ಮುಂದೆ ಮೆತ್ತಗಾಗುತ್ತೇವೆ. ಇದನ್ನು ತಿರುಗಿಸುವುದು ನಮ್ಮ ಕೈಯಲ್ಲೇ ಇದೆ. ಒಡವೆ ಅಂಗಡಿಯಲ್ಲಿ ಸಂಕೋಚ ಬಿಟ್ಟು ವೇಸ್ಟೇಜಿನ ಮೇಲೆ ಶೇ 2 ಇಳಿಸಿಕೊಂಡವರಿಗೆ ಚನ್ನಪಟ್ಟಣದಲ್ಲಿ ಹತ್ತಾರು ಗೊಂಬೆಗಳನ್ನು ಹೇಳಿದ ಬೆಲೆಗೇ ಕೊಳ್ಳುವಷ್ಟು ಉಳಿತಾಯವಾಗುತ್ತದೆ. ಮಿಕ್ಸಿಯ ಮೇಲೆ ನಗದು ಬೆಲೆ ಕೇಳಿ ಪಡೆದವರು ವರ್ಷವಿಡೀ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡದೆ ಇರಬಹುದು. ಚೌಕಾಸಿ ಬಿಡಬೇಕಾದ ಅಭ್ಯಾಸವಲ್ಲ, ಅದು ಗಿರಾಕಿಯ ಹಕ್ಕು. ಇಳಿಕೆ ಯಾರ ಜೇಬಿನಿಂದ ಬರುತ್ತದೆ ಎಂದು ತಿಳಿದು ಆ ಹಕ್ಕನ್ನು ಬಳಸಿದರೆ ಕೊಳ್ಳುವ ಮನೆಗೂ, ಮಾಡಿ ಮಾರುವ ಮನೆಗೂ ಗಿಟ್ಟುತ್ತದೆ.